ಪುಟ್ಟ ಹಾಯಿಹಡಗು ಕಲಿಸುವ ಪಾಠ



ಹಳೆಯ ಚಲನಚಿತ್ರಗಳಲ್ಲಿ ಬಿರುಗಾಳಿಗೆ ಸಿಕ್ಕಿದ ಹಾಯಿಹಡಗಿನ ದೃಶ್ಯವನ್ನು ನೀವು ನೋಡಿರಬಹುದು. ಎಷ್ಟೋ ಸಲ ಅದು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟ ಪುಟ್ಟ ಮಾದರಿ ಎಂಬುದು ಕೂಡಲೇ ತಿಳಿದುಬಿಡುತ್ತದೆ. ಹಲಗೆ, ಹಗ್ಗ, ಹಾಯಿ ಎಲ್ಲವೂ ಅಚ್ಚುಕಟ್ಟಾಗಿದ್ದರೂ ನಮ್ಮ ಕಣ್ಣು ಮೋಸಹೋಗುವುದಿಲ್ಲ. ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಒಂದು ಸೊಗಸಾದ ಹವ್ಯಾಸದ ಪರಿಚಯವಾಗುತ್ತದೆ. ಅದರೊಂದಿಗೆ ಭೌತಶಾಸ್ತ್ರದ ಒಂದು ಮುಖ್ಯ ಪಾಠವೂ ದೊರೆಯುತ್ತದೆ. ಆಕಾರವನ್ನು ನಾವು ಬೇಕಾದಷ್ಟು ಕುಗ್ಗಿಸಬಹುದು. ಆದರೆ ತೂಕ, ಗಾಳಿ, ಅಲೆ, ಕಾಲ ಇವೆಲ್ಲ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ.

ವಾಸಾ ಎಂಬ ಹಡಗು

ಮರದ ಹಡಗಿನ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳಿಗೆ ಬಲು ಮೆಚ್ಚಿನ ಹಡಗುಗಳಲ್ಲಿ ಸ್ವೀಡನ್ನಿನ ‘ವಾಸಾ’ ಒಂದು. ರಾಜ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಈ ಯುದ್ಧನೌಕೆಯಲ್ಲಿ 64 ಫಿರಂಗಿಗಳಿದ್ದವು. ಹೊರಡುವ ಮೊದಲು ಒಂದು ಪರೀಕ್ಷೆ ನಡೆಯಿತು. ಮೂವತ್ತು ಜನ ಅಟ್ಟದ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಬೇಕು. ಮೂರು ಸಲ ಓಡುವಷ್ಟರಲ್ಲೇ ಹಡಗು ಅಪಾಯಕರವಾಗಿ ಹೊಯ್ದಾಡಿದ್ದರಿಂದ ಪರೀಕ್ಷೆಯನ್ನು ನಿಲ್ಲಿಸಲಾಯಿತು. ಆದರೂ ಹಡಗು ಹೊರಟಿತು. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಸುಮಾರು 1,300 ಮೀಟರ್ ಸಾಗಿತ್ತು, ಅಷ್ಟೆ. ಬೀಸಿಬಂದ ಗಾಳಿಗೆ ಹಡಗು ವಾಲಿತು; ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು ಮೂವತ್ತು ಜನ ಪ್ರಾಣ ಕಳೆದುಕೊಂಡರು.

ಆಮೇಲೆ ವಿಚಾರಣೆ ನಡೆಯಿತಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಕಾಲದ ಬಡಗಿಗಳು ಅನುಭವದಿಂದ ಬಂದ ಅಳತೆಗಳ ಮೇಲೆ ಹಡಗು ಕಟ್ಟುತ್ತಿದ್ದರು. ಹಡಗಿನ ಸ್ಥಿರತೆಯನ್ನು ಲೆಕ್ಕಹಾಕುವ ಶಾಸ್ತ್ರವನ್ನು ಫ್ರಾನ್ಸಿನ ಪಿಯೆರ್ ಬೂಗೆರ್ ಪುಸ್ತಕವಾಗಿ ಪ್ರಕಟಿಸಿದ್ದು 1746ರಲ್ಲಿ, ಅಂದರೆ ವಾಸಾ ಮುಳುಗಿ 118 ವರ್ಷಗಳ ಮೇಲೆ. ಮುಳುಗಿದ ವಾಸಾವನ್ನು 1961ರಲ್ಲಿ ಸಮುದ್ರತಳದಿಂದ ಮೇಲೆತ್ತಲಾಯಿತು. ಇಂದು ಅದು ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿದೆ. ನಿಜವಾದ ಹಡಗೇ ಅಳೆಯಲು ಸಿಗುವುದರಿಂದ ಮಾದರಿ ಕಟ್ಟುವವರಿಗೆ ಇದೊಂದು ತೆರೆದ ಪುಸ್ತಕ.

ನೂರರಲ್ಲಿ ಒಂದು ಪಾಲು

ವಾಸಾವನ್ನು ನೂರರಲ್ಲಿ ಒಂದರ ಅಳತೆಗೆ ಇಳಿಸೋಣ. ಮುಂಚಾಚಿನ ಕಂಬವೂ ಸೇರಿ ಅದರ ಉದ್ದ 69 ಮೀಟರ್. ಮಾದರಿಯಲ್ಲಿ 69 ಸೆಂಟಿಮೀಟರ್. ಅಗಲ 11.7 ಮೀಟರ್, ಮಾದರಿಯಲ್ಲಿ 11.7 ಸೆಂಟಿಮೀಟರ್. ನಿಮ್ಮ ಓದುವ ಮೇಜಿನ ಮೇಲೆ ಆರಾಮವಾಗಿ ಕೂರುತ್ತದೆ.

ಈಗ ಸ್ವಲ್ಪ ಗಮನವಿಡಿ. ಉದ್ದ ನೂರು ಪಟ್ಟು ಕುಗ್ಗಿದರೆ ವಿಸ್ತೀರ್ಣ ನೂರರ ವರ್ಗದಷ್ಟು, ಅಂದರೆ ಹತ್ತು ಸಾವಿರ ಪಟ್ಟು ಕುಗ್ಗುತ್ತದೆ. ವಾಸಾದ ಎಲ್ಲ ಹಾಯಿಗಳ ವಿಸ್ತೀರ್ಣ 1,275 ಚದರ ಮೀಟರ್. ಮಾದರಿಯಲ್ಲಿ 1,275 ಚದರ ಸೆಂಟಿಮೀಟರ್, ಸುಮಾರು ಒಂದು ಕರವಸ್ತ್ರದಷ್ಟು. ಗಾತ್ರವೂ ಅದರೊಂದಿಗೆ ತೂಕವೂ ನೂರರ ಘನದಷ್ಟು, ಅಂದರೆ ಹತ್ತು ಲಕ್ಷ ಪಟ್ಟು ಕುಗ್ಗುತ್ತವೆ. 1,210 ಟನ್ ತೂಗುತ್ತಿದ್ದ ಹಡಗಿನ ಮಾದರಿ ಸರಿಯಾದ ಮಟ್ಟಕ್ಕೆ ತೇಲಬೇಕಾದರೆ ಸುಮಾರು 1.2 ಕಿಲೋಗ್ರಾಂ ತೂಗಬೇಕು. ಹಡಗು ವಾಲದಿರಲೆಂದು ತಳದಲ್ಲಿ ತುಂಬಿದ್ದ 120 ಟನ್ ಕಲ್ಲು ಇಲ್ಲಿ ಬರೀ 120 ಗ್ರಾಂ!

ಕಟ್ಟುವ ಬಗೆ

ಮಾದರಿಯನ್ನು ಕಟ್ಟುವ ಕ್ರಮ ಹಡಗು ಕಟ್ಟುವ ಕ್ರಮವನ್ನೇ ಹೋಲುತ್ತದೆ. ಮೊದಲು ತಳದ ಉದ್ದಕ್ಕೂ ಬೆನ್ನೆಲುಬಿನಂಥ ಪಟ್ಟಿ. ಅದಕ್ಕೆ ಅಡ್ಡಲಾಗಿ, ನಕ್ಷೆಯಂತೆ ತೆಳು ಪ್ಲೈವುಡ್‌ನಲ್ಲಿ ಕತ್ತರಿಸಿದ ಪಕ್ಕೆಲುಬುಗಳು. ಇವುಗಳ ಮೇಲೆ ಒಂದೊಂದಾಗಿ ಮರದ ಪಟ್ಟಿಗಳನ್ನು ಅಂಟಿಸುತ್ತಾ ಹೋದರೆ ಹಡಗಿನ ಒಡಲು ರೂಪುಗೊಳ್ಳುತ್ತದೆ. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಒಣಗುವವರೆಗೆ ಬಟ್ಟೆ ಕ್ಲಿಪ್ಪುಗಳಿಂದ ಹಿಡಿದಿಡಬೇಕು. ಒಡಲು ನಡುವೆ ದಪ್ಪ, ತುದಿಗಳಲ್ಲಿ ಸಣ್ಣ. ಆದ್ದರಿಂದ ಪ್ರತಿ ಪಟ್ಟಿಯನ್ನೂ ತುದಿಯತ್ತ ಸಣ್ಣಗೆ ಹೆರೆಯಬೇಕು.

ಇಲ್ಲಿ ನನ್ನದೊಂದು ಅನುಭವ ಹೇಳುತ್ತೇನೆ. ಬಿ.ಎಸ್‌ಸಿ. ಓದುತ್ತಿದ್ದಾಗ ಮೊದಲ ಮಾದರಿಗೆ ಕೈಹಾಕಿದ್ದೆ. ಉತ್ಸಾಹದಲ್ಲಿ ಒಂದು ಪಕ್ಕದ ಪಟ್ಟಿಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಅಂಟಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬೆನ್ನೆಲುಬು ಬಿಲ್ಲಿನಂತೆ ಬಾಗಿತ್ತು! ಒದ್ದೆ ಪಟ್ಟಿಗಳು ಒಣಗುತ್ತಾ ಒಂದೇ ಕಡೆಗೆ ಎಳೆದಿದ್ದವು. ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಹಾಕುತ್ತಾ ಹೋಗಬೇಕೆಂಬ ನಿಯಮವನ್ನು ಅಂದಿನಿಂದ ಮರೆತಿಲ್ಲ. ಎರಡು ತಿಂಗಳ ಕೆಲಸವನ್ನು ಬಿಚ್ಚಿ ಮತ್ತೆ ಮಾಡಿದೆ.

ಯಾವ ಮರ? ಹಡಗಿಗೆ ತೇಗ ಶ್ರೇಷ್ಠ; ಪುಟ್ಟ ಮಾದರಿಗೆ ಅಷ್ಟು ಹೊಂದುವುದಿಲ್ಲ. ತೇಗದ ಗೆರೆಗಳು ಒರಟು. ಮರದ ಗೆರೆ ನಮ್ಮ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲವಲ್ಲ! ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರದಂಥ ನುಣುಪು ಗೆರೆಯ ಮೆದು ಮರ ಉತ್ತಮ. ತೆಳು ಗರಗಸ, ಹರಿತವಾದ ಚಾಕು, ಚಿಮಟ, ಸ್ಯಾಂಡ್‌ಪೇಪರ್, ಮರದ ಅಂಟು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಹಗ್ಗಗಳಿಗೆ ಹತ್ತಿಯ ದಾರ. ಜೇನುಮೇಣ ಸವರಿದರೆ ಎಳೆಗಳು ಕೆದರುವುದಿಲ್ಲ. ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ಹಗ್ಗಗಳನ್ನು ಮೊದಲು ಕಟ್ಟಿ, ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳನ್ನು ಆಮೇಲೆ ಕಟ್ಟಬೇಕು.

ನೀರಿಗೆ ಇಳಿದಾಗ

ಇಷ್ಟೆಲ್ಲ ಸರಿಯಾಗಿ ಮಾಡಿ, ಹಾಯಿ ಬಿಚ್ಚಿ, ಮಾದರಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಫ್ಯಾನ್ ಹಾಕಿದಿರೆನ್ನಿ. ಮಗುಚಿಕೊಳ್ಳುವುದೇ ಹೆಚ್ಚು. ವಾಸಾ ಅಷ್ಟೇ ಅಲ್ಲ, ಗಟ್ಟಿಮುಟ್ಟಾಗಿ ಸಮುದ್ರ ದಾಟಿದ ಹಡಗಿನ ಮಾದರಿಯೂ ಹೀಗೆಯೇ ಮಾಡೀತು. ಕಾರಣವಿಷ್ಟೆ: ಗಾಳಿ ಹಡಗನ್ನು ವಾಲಿಸುವ ಶಕ್ತಿ ಹಾಯಿಯ ವಿಸ್ತೀರ್ಣ ಮತ್ತು ಅದರ ಎತ್ತರವನ್ನು ಅವಲಂಬಿಸಿದೆ. ಇವೆರಡೂ ಸೇರಿ ಹತ್ತು ಲಕ್ಷ ಪಟ್ಟು ಕುಗ್ಗಿವೆ. ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಅದರ ತೂಕ ಮತ್ತು ಆ ತೂಕದ ಸನ್ನೆದೂರ. ಇವೆರಡೂ ಸೇರಿ ಹತ್ತು ಕೋಟಿ ಪಟ್ಟು ಕುಗ್ಗಿವೆ! ಅಂದರೆ ಅದೇ ಗಾಳಿಯೆದುರು ಮಾದರಿ ನೂರು ಪಟ್ಟು ದುರ್ಬಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮಾದರಿಗೆ ಗಾಳಿಯ ವೇಗವನ್ನು ಹತ್ತನೇ ಒಂದಕ್ಕೆ ಇಳಿಸಬೇಕು. ಫ್ಯಾನಿನ ಗಾಳಿ ಅದರ ಪಾಲಿಗೆ ಚಂಡಮಾರುತವೇ ಸರಿ. ಓಡಿಸುವುದಕ್ಕೆಂದೇ ಮಾಡುವ ಮಾದರಿಗಳ ತಳಕ್ಕೆ ಸೀಸದ ಭಾರವನ್ನು ಆಳವಾಗಿ ಇಳಿಬಿಡುವುದು ಇದೇ ಕಾರಣಕ್ಕೆ.

ಈ ಹತ್ತು ಎಂಬುದು ನೂರರ ವರ್ಗಮೂಲ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು 1872ರಲ್ಲಿ ಟಾರ್ಕೇ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಮೇಣದ ಮಾದರಿಗಳನ್ನು ಎಳೆದು ಪ್ರಯೋಗ ನಡೆಸಿದರು. ಮಾದರಿ ಎಬ್ಬಿಸುವ ಅಲೆಗಳು ದೊಡ್ಡ ಹಡಗಿನ ಅಲೆಗಳಂತೆಯೇ ಇರಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಷ್ಟು ತಗ್ಗಿಸಬೇಕು ಎಂಬುದು ಅವರು ಬಳಕೆಗೆ ತಂದ ನಿಯಮ. ಕಾಲಕ್ಕೂ ಇದೇ ಲೆಕ್ಕ. ದೊಡ್ಡ ಹಡಗು ಒಮ್ಮೆ ತೂಗಾಡಲು ಹತ್ತು ಸೆಕೆಂಡು ಬೇಕಾದರೆ ಮಾದರಿಗೆ ಒಂದೇ ಸೆಕೆಂಡು ಸಾಕು. ನಮ್ಮ ಕಣ್ಣು ಗುರುತಿಸುವುದು ಈ ಚಡಪಡಿಕೆಯನ್ನೇ!

ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ನೂರರಲ್ಲೊಂದು ಅಳತೆಯ ಮಾದರಿಯನ್ನು ಸೆಕೆಂಡಿಗೆ 250 ಚಿತ್ರಗಳಂತೆ ಸೆರೆಹಿಡಿದು 25ರಂತೆ ತೋರಿಸಿದರೆ ಅದೇ ಆಟಿಕೆ ಗಂಭೀರವಾಗಿ ತೂಗಾಡತೊಡಗುತ್ತದೆ. ಆದರೆ ಚಿಮ್ಮಿದ ನೀರಿನ ಹನಿ ಮಾತ್ರ ಗುಟ್ಟು ರಟ್ಟು ಮಾಡುತ್ತದೆ. ಹನಿಯನ್ನು ಕುಗ್ಗಿಸಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ.

ಕಾರವಾರಕ್ಕೆ ಬಂದ ಹಡಗು

ಇದೆಲ್ಲ ಬರೀ ಹವ್ಯಾಸದ ಮಾತಲ್ಲ. ಅಜಂತಾದ ಐದನೆಯ ಶತಮಾನದ ವರ್ಣಚಿತ್ರವೊಂದರಲ್ಲಿರುವ ಹಡಗನ್ನು ಮತ್ತೆ ಕಟ್ಟಲು ನಮ್ಮ ನೌಕಾಪಡೆ ಹೊರಟಾಗ ಕೈಯಲ್ಲಿ ಯಾವ ನಕ್ಷೆಯೂ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ಹಡಗು ಅದು. ನೀರಿನಲ್ಲಿ ಹೇಗೆ ವರ್ತಿಸೀತು ಎಂದು ತಿಳಿಯಲು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ಸಹಯೋಗದಲ್ಲಿ ಅದರ ಮಾದರಿಯ ಪರೀಕ್ಷೆ ನಡೆಯಿತು. ಗೋವಾದಲ್ಲಿ ಸಿದ್ಧವಾದ ಆ ಹಡಗು ‘ಕೌಂಡಿನ್ಯ’ ಎಂಬ ಹೆಸರಿನಿಂದ 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ವಾಸಾದ ಅಟ್ಟದ ಮೇಲೆ ಓಡಿದ ಮೂವತ್ತು ಜನರೂ ಒಂದು ಪ್ರಯೋಗವನ್ನೇ ಮಾಡಿದ್ದರು, ಉತ್ತರವೂ ಸಿಕ್ಕಿತ್ತು. ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ನೀವು ಮಾದರಿ ಕಟ್ಟಿದಾಗ ಮೊದಲು 120 ಗ್ರಾಂ ಭಾರವನ್ನು ತಳದಲ್ಲಿಟ್ಟು ನೋಡಿ. ಅದನ್ನೇ ಅಟ್ಟದ ಮೇಲಿಟ್ಟು ಮತ್ತೊಮ್ಮೆ ನೋಡಿ. ಆಮೇಲೆ ಭಾರವನ್ನು ಹೆಚ್ಚಿಸುತ್ತಾ ಹೋಗಿ. ಪ್ರತಿ ಸಲ ಎಷ್ಟು ವಾಲಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ತೊಟ್ಟಿಯಲ್ಲಿ ಹಡಗು ಮಗುಚಿದರೆ ಒದ್ದೆಯಾಗುವುದು ನಿಮ್ಮ ಅಂಗಿಯ ತೋಳು ಮಾತ್ರ.