ಹನ್ನೊಂದು ತಿಂಗಳ ಬಾಂಡ್ ಸೋಲಾಪುರದಾಗ ನಡೆಯಂಗಿಲ್ಲ

ಸೋಲಾಪುರದ ಪೇಟೆಯಲ್ಲಿ ಮಳಿಗೆ ಹಿಡಿದ ಕನ್ನಡಿಗರು ಬಹಳ. ಅಕ್ಕಲಕೋಟೆ, ಇಂಡಿ ಕಡೆಯ ಹೊಲದ ದುಡ್ಡಿನಲ್ಲಿ ಇಲ್ಲಿ ನಾಲ್ಕು ಖೋಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಇಂಥವರ ಹತ್ತಿರ ಕಾಗದ ಕೇಳಿ ನೋಡಿದ್ದೇನೆ. ಪೆಟ್ಟಿಗೆಯಿಂದ ಹೊರಬರುವುದು ಸಾಮಾನ್ಯವಾಗಿ ಒಂದೇ: ಬಾಂಡ್ ಪೇಪರಿನ ಮೇಲೆ ಹನ್ನೊಂದು ತಿಂಗಳ ಕರಾರು, ಕೆಳಗೆ ನೋಟರಿ ಸಿಕ್ಕಾ. "ಇಷ್ಟಿದ್ರ ಸಾಕಲ್ರಿ ಸಾಹೇಬ್ರ, ವಿಜಾಪುರದಾಗೂ ಹಿಂಗ ಮಾಡ್ತೀವಿ" ಎನ್ನುತ್ತಾರೆ.

ಸಾಲದು. ವರ್ಷ ಮೀರಿದ ಭೋಗ್ಯಪತ್ರವನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಲು ಹುಟ್ಟಿದ್ದು ಈ ಹನ್ನೊಂದು ತಿಂಗಳ ರೂಢಿ. ಆದರೆ ಮಹಾರಾಷ್ಟ್ರದಲ್ಲಿ 2000ದ ಮಾರ್ಚ್ 31ರಿಂದ ಬೇರೆಯೇ ಕಾನೂನಿದೆ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ಹನ್ನೊಂದು ತಿಂಗಳಿರಲಿ, ಮೂರು ತಿಂಗಳಿರಲಿ, ಲೀವ್ ಅಂಡ್ ಲೈಸೆನ್ಸ್ ಎಂದೇ ಬರೆದಿರಲಿ, ವಿನಾಯಿತಿ ಇಲ್ಲ. ನೋಂದಣಿಯ ಹೊಣೆ ಮಾಲಕನದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದಂಡಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಅದು ಸುಳ್ಳೆಂದು ಮಾಲಕ ಸಾಬೀತು ಮಾಡಬೇಕು. ಮಾಲಕ ತಿಂಗಳಿಗೆ ಆರು ಸಾವಿರ ಎಂದ, ಬಾಡಿಗೆದಾರ ನಾಲ್ಕು ಸಾವಿರ ಎಂದ, ಎಂದಿಟ್ಟುಕೊಳ್ಳಿ. ದುಡ್ಡು ಕೈಗೆ ಕೈ ಹೋಗಿದ್ದರೆ ಮಾಲಕ ಏನು ತೋರಿಸ್ಯಾನು?

ಬಾಡಿಗೆದಾರರ ಕಡೆಗೆ ಇಷ್ಟು ವಾಲಿದ ಕಾನೂನಿಗೆ ಹಿನ್ನೆಲೆಯಿದೆ. ಮೊದಲು ಇದ್ದದ್ದು 1947ರ ಮುಂಬಯಿ ಬಾಡಿಗೆ ಕಾಯ್ದೆ. ಆಗ ಬೆಳಗಾವಿ, ಧಾರವಾಡ, ವಿಜಾಪುರಗಳೂ ಮುಂಬಯಿ ಪ್ರಾಂತ್ಯದವೇ. ಹಳೆಯ ಕಟ್ಟಡಗಳಿಗೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಪ್ರಮಾಣ ಬಾಡಿಗೆ ಎಂದು ಕಟ್ಟಿಹಾಕಿದ್ದರು. ಐವತ್ತು ವರ್ಷ ಕಳೆದರೂ ಗಂಟು ಸಡಿಲಲಿಲ್ಲ. ವಾಡೆ ಕುಸಿದರೂ ಮಾಲಕ ಗಾರೆ ಹಚ್ಚಲಿಲ್ಲ. ಬರುವ ಬಾಡಿಗೆ ಸುಣ್ಣಕ್ಕೂ ಸಾಲದು. ಇದು ಕಾಲಕ್ರಮದಲ್ಲಿ ಅನ್ಯಾಯವಾಗಿದೆ ಎಂದು ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ಹೇಳಿತು. ಹೊಸ ಕಾಯ್ದೆ ಹಳೆಯ ಬಾಡಿಗೆದಾರರ ಮಟ್ಟಿಗೆ ಲೆಕ್ಕವನ್ನು 1987ರ ಅಕ್ಟೋಬರ್ 1ಕ್ಕೆ ತಂದಿತು: ಆ ದಿನದ ಬಾಡಿಗೆಯ ಮೇಲೆ ಶೇ 5, ಮುಂದೆ ವರ್ಷಕ್ಕೆ ಶೇ 4 ಏರಿಕೆ. ಹಿಂದೆ ಅಪರಾಧವಾಗಿದ್ದ ಪಗಡಿಯೂ ಸಕ್ರಮವಾಯಿತು. ಬ್ಯಾಂಕು, ಒಂದು ಕೋಟಿ ಮತ್ತು ಮೇಲ್ಪಟ್ಟ ಬಂಡವಾಳದ ಕಂಪನಿಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ನಮ್ಮ ಕಿರಾಣಿ, ಜೋಳದ ಅಡತಿಯವರಿಗೆ ಆ ಚಿಂತೆ ಬೇಡ!

ಬಾಡಿಗೆ ಬಾಕಿ ಬಿದ್ದ ಕೂಡಲೇ ಸಾಮಾನು ಹೊರಗೆ ಎಸೆಯುವ ಹಾಗಿಲ್ಲ. ಲಿಖಿತ ನೋಟಿಸು ಕೊಟ್ಟು 90 ದಿನ ಕಾಯಬೇಕು, ಆಮೇಲೆ ದಾವೆ. ಸಮನ್ಸ್ ಮುಟ್ಟಿದ 90 ದಿನದೊಳಗೆ ಬಾಡಿಗೆದಾರ ಬಾಕಿಯನ್ನು ಶೇ 15ರ ಬಡ್ಡಿ ಮತ್ತು ಖರ್ಚಿನೊಂದಿಗೆ ಕೋರ್ಟಿನಲ್ಲಿ ಕಟ್ಟಿದರೆ, ಬಾಕಿಯ ಕಾರಣಕ್ಕೆ ಜಾಗ ಬಿಡಿಸುವಂತಿಲ್ಲ.

ಲೈಸೆನ್ಸ್ ಮೇಲೆ ಕೊಟ್ಟ ವಾಸದ ಮನೆಯನ್ನು ಮುದ್ದತು ಮುಗಿದರೂ ಬಿಡದವರ ಮೇಲೆ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಬಿಡುವವರೆಗೆ ದುಪ್ಪಟ್ಟು ಶುಲ್ಕ ಬೀಳುತ್ತದೆ. ಈ ಹತ್ತಿರದ ದಾರಿ ಅಂಗಡಿಗೆ ಇಲ್ಲ. ಪೇಟೆಯ ಮಂದಿ ಇದನ್ನು ಗಮನಿಸಿಲ್ಲ. ಅಂಗಡಿ ಮಾಲಕನಿಗೆ ಕೋರ್ಟೇ ಗತಿ, ಹಾಗಾಗಿ ಕಾಗದ ಇನ್ನೂ ಗಟ್ಟಿ ಇರಬೇಕು.

ನೋಂದಣಿಗೆ ಈಗ ಕಚೇರಿಯ ಮುಂದೆ ದಿನಗಟ್ಟಲೆ ಕೂಡಬೇಕಾಗಿಲ್ಲ. ಲೀವ್ ಅಂಡ್ ಲೈಸೆನ್ಸ್ ದಸ್ತನ್ನು ಆಧಾರ್ ಹೆಬ್ಬೆಟ್ಟು ಕೊಟ್ಟು ಆನ್‌ಲೈನಿನಲ್ಲೇ ಮಾಡಬಹುದು. ಮುದ್ರಾಂಕ ಶುಲ್ಕ ಶೇ 0.25ರ ದರದಲ್ಲಿ. ಹಿಡಿಯುವಾಗ ಠೇವಣಿ ಎಷ್ಟು, ಏರಿಕೆ ಎಷ್ಟು, ರಿಪೇರಿ ಯಾರದು ಎಂಬುದನ್ನು ಅದರಲ್ಲೇ ಬರೆಸಿ. ದಸ್ತು ಮರಾಠಿಯಲ್ಲಿದ್ದರೆ ಸಹಿಗೆ ಮುಂಚೆ ಓದಿಸಿಕೊಳ್ಳಿ. ಲೈಸೆನ್ಸೋ ಭಾಡೇಪಟ್ಟಾವೋ ಎಂಬುದನ್ನು ಮೊದಲು ನೋಡಿ.