ಮನೆತನದ ಹೆಸರು ಮತ್ತು ಜಪಾನಿನ ಮಹಿಳೆ

1898ರಲ್ಲಿ ಜಾರಿಗೆ ಬಂದ ಮೇಜಿ ಕಾಲದ ನಾಗರಿಕ ಸಂಹಿತೆಯು ಜಪಾನಿನ ಕುಟುಂಬವನ್ನು ‘ಇಯೆ’ ಎಂಬ ಘಟಕವಾಗಿ ಕಟ್ಟಿತು. ಇಯೆ ಎಂದರೆ ಆಡುಮಾತಿನಲ್ಲಿ ಮನೆ; ಕಾನೂನಿನ ಅರ್ಥದಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದೇ ಹೆಸರಿನಡಿ ಸಾಗಿಬರುವ ಮನೆತನ. ಅದರ ಯಜಮಾನನ ಒಪ್ಪಿಗೆಯಿಲ್ಲದೆ ಮದುವೆಗಳು ಸುಲಭವಾಗಿರಲಿಲ್ಲ. ಮದುವೆಯಾದ ಹೆಣ್ಣು ಗಂಡನ ಅನುಮತಿಯಿಲ್ಲದೆ ಸಾಲ ಮಾಡುವಂತಿರಲಿಲ್ಲ, ಸ್ಥಿರಾಸ್ತಿ ಮಾರುವಂತಿರಲಿಲ್ಲ. ‘ರ್‍ಯೋಸಾಯ್ ಕೆಂಬೊ’, ಅಂದರೆ ಒಳ್ಳೆಯ ಹೆಂಡತಿ, ವಿವೇಕಿ ತಾಯಿ ಎಂಬ ಆದರ್ಶವು ಇದೇ ಕಾಲದ ಹೆಣ್ಣುಮಕ್ಕಳ ಶಾಲೆಗಳ ಗುರಿಯಾಯಿತು.

ಈ ಚೌಕಟ್ಟನ್ನು ಒಳಗಿನಿಂದಲೇ ಅಲುಗಾಡಿಸಿದವರು ಇದ್ದರು. 1871ರಲ್ಲಿ ಆರು ವರ್ಷದ ಬಾಲಕಿಯಾಗಿ ಸರ್ಕಾರದ ವತಿಯಿಂದ ಅಮೆರಿಕಕ್ಕೆ ಹೋಗಿ, ಮರಳುವ ವೇಳೆಗೆ ತಾಯ್ನುಡಿಯನ್ನೇ ಬಹುಮಟ್ಟಿಗೆ ಮರೆತಿದ್ದ ತ್ಸುದಾ ಉಮೆಕೊ, 1900ರಲ್ಲಿ ಟೋಕಿಯೊದಲ್ಲಿ ಮಹಿಳೆಯರ ಉನ್ನತ ಶಿಕ್ಷಣಕ್ಕೆ ಶಾಲೆಯೊಂದನ್ನು ತೆರೆದರು. 2024ರಿಂದ 5,000 ಯೆನ್ ನೋಟಿನ ಮೇಲೆ ಅವರ ಮುಖವಿದೆ. ಹಿರಾತ್ಸುಕಾ ರೈಚೊ 1911ರಲ್ಲಿ ‘ಸೆಯ್ತೊ’ ಎಂಬ ಮಹಿಳಾ ಪತ್ರಿಕೆಯನ್ನು ಹೊರಡಿಸಿದರೆ, ಇಚಿಕಾವಾ ಫುಸಾಎ ಮತದಾನದ ಹಕ್ಕಿಗಾಗಿ ದಶಕಗಳ ಕಾಲ ದುಡಿದರು. ಯುದ್ಧದ ಸೋಲಿನ ನಂತರ, 1946ರ ಏಪ್ರಿಲ್ 10ರಂದು ಮಹಿಳೆಯರು ಮೊದಲ ಬಾರಿಗೆ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದಾಗ 39 ಮಂದಿ ಮಹಿಳೆಯರು ಗೆದ್ದುಬಂದರು. ದಾಂಪತ್ಯದಲ್ಲಿ ಗಂಡುಹೆಣ್ಣುಗಳ ಸಮಾನತೆಯನ್ನು ಸಾರುವ ಸಂವಿಧಾನದ 24ನೇ ವಿಧಿಯ ಮೊದಲ ಕರಡನ್ನು ಬರೆದವರು, ಟೋಕಿಯೊದಲ್ಲಿ ಬೆಳೆದಿದ್ದ 22ರ ಹರೆಯದ ಬಿಯಾಟೆ ಸಿರೋಟಾ. ಕರಡು ಅಮೆರಿಕ ನೇತೃತ್ವದ ಮಿತ್ರಪಡೆಗಳ ಕಚೇರಿಯಿಂದ ಬಂದಿತೆಂಬ ಕಾರಣಕ್ಕೆ ಈ ಹಕ್ಕನ್ನು ಎರವಲು ಎನ್ನುವುದು ಇಚಿಕಾವಾ ಅವರಂಥವರ ದುಡಿಮೆಗೆ ಬಗೆವ ಅನ್ಯಾಯ.

ಯುದ್ಧೋತ್ತರ ಕಾನೂನು ಇಯೆಯನ್ನು ಅಳಿಸಿತು, ಆದರೆ ಆರ್ಥಿಕ ಏಳಿಗೆಯ ದಶಕಗಳು ಅದಕ್ಕೆ ಬೇರೊಂದು ರೂಪ ಕೊಟ್ಟವು. ಗಂಡ ತಡರಾತ್ರಿಯವರೆಗೆ ಕಂಪನಿಯಲ್ಲಿ ದುಡಿಯುವ, ಹೆಂಡತಿ ‘ಸೆಂಗ್ಯೊ ಶುಫು’ ಅಂದರೆ ಪೂರ್ಣಾವಧಿ ಗೃಹಿಣಿಯಾಗಿ ಮನೆ, ಮಕ್ಕಳು, ಅತ್ತೆಮಾವಂದಿರನ್ನು ನೋಡಿಕೊಳ್ಳುವ ಸಂಸಾರವೇ ಮಾದರಿಯಾಯಿತು. ಈ ಮಾದರಿಯ ಬಿಗಿ ಎಷ್ಟೆಂಬುದನ್ನು 1986ರ ಏಪ್ರಿಲ್ ತಿಂಗಳು ಸ್ಪಷ್ಟವಾಗಿ ತೋರುತ್ತದೆ. ಉದ್ಯೋಗದಲ್ಲಿ ಸಮಾನ ಅವಕಾಶ ನೀಡುವ ಕಾನೂನು ಜಾರಿಗೆ ಬಂದದ್ದು ಆ ತಿಂಗಳು. ಸಂಬಳದಾರನ ಅವಲಂಬಿತ ಪತ್ನಿಗೆ ವಂತಿಗೆ ಕಟ್ಟದೆಯೇ ಪಿಂಚಣಿ ದೊರಕಿಸುವ ವ್ಯವಸ್ಥೆ ಆರಂಭವಾದದ್ದೂ ಅದೇ ತಿಂಗಳು. ಒಂದು ಕಾನೂನು ಹೊರಗೆ ಬಾ ಎಂದಿತು, ಇನ್ನೊಂದು ಒಳಗೇ ಇದ್ದರೆ ಲಾಭವಿದೆ ಎಂದಿತು. ಕಂಪನಿಗಳು ಹುದ್ದೆಗಳನ್ನು ಎರಡು ದಾರಿಗಳಾಗಿ ಸೀಳಿದವು: ಬಡ್ತಿಯೂ ದೂರದೂರಿನ ವರ್ಗಾವಣೆಯೂ ಇರುವ ‘ಸೋಗೊಶೊಕು’, ಕಚೇರಿಯ ನಿತ್ಯದ ಕೆಲಸಗಳ ‘ಇಪ್ಪನ್‌ಶೊಕು’. ಹೆಚ್ಚಿನ ಮಹಿಳೆಯರು ಎರಡನೆಯದರಲ್ಲೇ ಉಳಿದರು. ಅರೆಕಾಲಿಕ ಕೆಲಸದ ಗೃಹಿಣಿಯರು ವಾರ್ಷಿಕ ಆದಾಯ 13 ಲಕ್ಷ ಯೆನ್ ದಾಟಿದರೆ ಅವಲಂಬಿತೆಯ ಸ್ಥಾನ ತಪ್ಪುತ್ತದೆಂದು, ವರ್ಷದ ಕೊನೆಯಲ್ಲಿ ಕೆಲಸದ ಗಂಟೆಗಳನ್ನು ಕಡಿತಗೊಳಿಸಿಕೊಳ್ಳುವುದು ರೂಢಿಯಾಯಿತು. ಈ ಮಿತಿಗೆ ಜನ ಇಟ್ಟ ಹೆಸರು ‘ಕಬೆ’, ಅಂದರೆ ಗೋಡೆ.

1989ರಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ ಮಕ್ಕಳ ಸಂಖ್ಯೆ 1.57ಕ್ಕೆ ಇಳಿದಾಗ ಸರ್ಕಾರ ಬೆಚ್ಚಿತು. 2024ರಲ್ಲಿ ಅದು 1.15. ಇದನ್ನು ಹೆಣ್ಣಿನ ಸ್ವಾರ್ಥವೆಂದು ದೂರುವವರು ದುಡಿಮೆ ಮತ್ತು ತಾಯ್ತನಗಳ ನಡುವೆ ಅವಳನ್ನು ನಿಲ್ಲಿಸಿದ ವ್ಯವಸ್ಥೆಯ ಕಡೆ ನೋಡುವುದಿಲ್ಲ. ಮಕ್ಕಳಾದ ಮೇಲೆ ಕೆಲಸ ಬಿಡುವವರ ಪ್ರಮಾಣ ಈಗ ಬಹಳ ತಗ್ಗಿದ್ದರೂ, ದುಡಿಯುವ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಾಯಂ ಅಲ್ಲದ ಹುದ್ದೆಗಳಲ್ಲಿದ್ದಾರೆ.

ಇಯೆಯ ಕೊನೆಯ ಗುರುತು ಉಳಿದಿರುವುದು ಹೆಸರಿನಲ್ಲಿ. ನಾಗರಿಕ ಸಂಹಿತೆಯ 750ನೇ ವಿಧಿಯ ಪ್ರಕಾರ ದಂಪತಿ ಇಬ್ಬರಲ್ಲೊಬ್ಬರ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕು. ಯಾರದೆಂದು ಕಾನೂನು ಹೇಳದಿದ್ದರೂ ಹೆಚ್ಚುಕಡಿಮೆ ಶೇ 95ರಷ್ಟು ಮದುವೆಗಳಲ್ಲಿ ಹೆಸರು ಬಿಡುವವಳು ಹೆಂಡತಿ. ಸಂಶೋಧಕಿಯ ಪ್ರಬಂಧಗಳು, ವೈದ್ಯೆಯ ಪರವಾನಗಿ, ಬ್ಯಾಂಕ್ ಖಾತೆ ಎಲ್ಲವೂ ಒಂದೇ ದಿನ ಬೇರೊಬ್ಬರ ಹೆಸರಿಗೆ ಸೇರಿದಂತಾಗುವ ಈ ನಷ್ಟವನ್ನು ಕೇವಲ ಕಾಗದಪತ್ರದ ತೊಡಕೆನ್ನಲಾಗದು. ಬೇರೆ ಬೇರೆ ಹೆಸರು ಉಳಿಸಿಕೊಳ್ಳುವ ಆಯ್ಕೆಯನ್ನು ದಂಪತಿಗೇ ಬಿಡಬೇಕೆಂದು 1996ರಲ್ಲೇ ಸರ್ಕಾರದ ಶಾಸನ ಮಂಡಳಿ ಸಲಹೆ ನೀಡಿತ್ತು. ಸರ್ವೋಚ್ಚ ನ್ಯಾಯಾಲಯ 2015ರಲ್ಲೂ 2021ರಲ್ಲೂ ಇರುವ ನಿಯಮವನ್ನೇ ಎತ್ತಿಹಿಡಿಯಿತು. 2024ರಲ್ಲಿ ಉದ್ಯಮಿಗಳ ಒಕ್ಕೂಟವಾದ ಕೆಯ್ದನ್‌ರೆನ್ ಕೂಡ ಬದಲಾವಣೆಯನ್ನು ಬಯಸಿತು. 2025ರ ಅಕ್ಟೋಬರ್ 21ರಂದು ಜಪಾನಿನ ಮೊದಲ ಮಹಿಳಾ ಪ್ರಧಾನಿಯಾದ ತಕಾಯಿಚಿ ಸನಾಎ, ಮನೆಗೊಂದೇ ಹೆಸರೆಂಬ ನಿಯಮ ಉಳಿಯಲಿ, ತವರಿನ ಹೆಸರನ್ನು ವ್ಯವಹಾರಕ್ಕೆ ಬಳಸಲು ಅವಕಾಶ ವಿಸ್ತರಿಸಿದರೆ ಸಾಕು ಎನ್ನುವ ಪಕ್ಷದವರು. 2021ರಲ್ಲಿ ಅವರು ಮರುಮದುವೆಯಾದಾಗ ಹೆಸರು ಬದಲಿಸಿಕೊಂಡವರು ಪತಿ.