ಸ್ವಂತ ಹೆಸರಿನ ಬಟ್ಟೆ: ವೆಸ್ಟ್‌ಸೈಡ್ ಬೆಳೆದು ಬಂದ ದಾರಿ

ದೇಶದ ನಗರಗಳಲ್ಲಿ ವೆಸ್ಟ್‌ಸೈಡ್ ಮತ್ತು ಜೂಡಿಯೋ ಎಂಬ ಹೆಸರುಗಳಲ್ಲಿ ಬಟ್ಟೆ ಮಳಿಗೆಗಳನ್ನು ನಡೆಸುತ್ತಿರುವ ಟಾಟಾ ಸಮೂಹದ ಟ್ರೆಂಟ್ ಸಂಸ್ಥೆ ಮೂಲತಃ ಬಟ್ಟೆ ವ್ಯಾಪಾರಕ್ಕೆಂದು ಹುಟ್ಟಿದ್ದಲ್ಲ. 1952ರಲ್ಲಿ ನೋಂದಣಿಯಾದಾಗ ಅದರ ಹೆಸರು ಲ್ಯಾಕ್ಮೆ. ಲಿಪ್‌ಸ್ಟಿಕ್, ಪೌಡರ್, ಕ್ರೀಮು ಮುಂತಾದ ಸೌಂದರ್ಯ ಸಾಮಗ್ರಿಗಳನ್ನು ದೇಶದೊಳಗೇ ತಯಾರಿಸುವುದು ಅದರ ಕೆಲಸ. ವಿದೇಶಿ ವಿನಿಮಯ ದುರ್ಲಭವಾಗಿದ್ದ ಆ ಕಾಲದಲ್ಲಿ ಆಮದಾದ ಪ್ರಸಾಧನಗಳಿಗೆ ದೇಶೀಯ ಪರ್ಯಾಯವೊಂದು ಬೇಕಾಗಿತ್ತು. ಜಿನೀವಾದಲ್ಲಿ ಹುಟ್ಟಿ, 1955ರಲ್ಲಿ ನೇವಲ್ ಟಾಟಾ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದ ಸಿಮೋನ್ ಟಾಟಾ 1961ರಲ್ಲಿ ಈ ಸಂಸ್ಥೆಯ ನಿರ್ದೇಶಕ ಮಂಡಳಿಯನ್ನು ಸೇರಿ, 1982ರಲ್ಲಿ ಅದರ ಅಧ್ಯಕ್ಷೆಯಾದರು. ಮೇಕಪ್ ಹಚ್ಚಿಕೊಳ್ಳುವುದನ್ನು ಸಂಶಯದಿಂದ ನೋಡುತ್ತಿದ್ದ ಮಧ್ಯಮ ವರ್ಗದ ಮನೆಗಳೊಳಗೆ ಲ್ಯಾಕ್ಮೆಯನ್ನು ಒಯ್ದದ್ದು ಬಹುಪಾಲು ಅವರ ದುಡಿಮೆ.

ಅಂಥ ಬ್ರ್ಯಾಂಡನ್ನು ಟಾಟಾ ಸಮೂಹ ಕೈಬಿಟ್ಟದ್ದು ಹಲವರಿಗೆ ಅಚ್ಚರಿ ತಂದ ನಿರ್ಧಾರ. ಆರ್ಥಿಕ ಉದಾರೀಕರಣದ ನಂತರ ವಿದೇಶಿ ಪ್ರಸಾಧನ ಕಂಪನಿಗಳು ದೊಡ್ಡ ಜಾಹೀರಾತು ಬಲದೊಂದಿಗೆ ಭಾರತಕ್ಕೆ ಬರತೊಡಗಿದ್ದವು. ಸೋಪು, ಶಾಂಪೂಗಳ ಮೂಲಕ ಹಳ್ಳಿಯ ಕಿರಾಣಿ ಅಂಗಡಿಯವರೆಗೆ ಸರಕು ತಲುಪಿಸುವ ಜಾಲವಿದ್ದ ಕಂಪನಿಗಷ್ಟೇ ಅವರೆದುರು ನಿಲ್ಲುವುದು ಸುಲಭವಾಗಿತ್ತು. 1996ರಲ್ಲಿ ಹಿಂದೂಸ್ತಾನ್ ಲಿವರ್ ಜತೆ ಸಮಪಾಲಿನ ಜಂಟಿ ಉದ್ಯಮವೊಂದು ಏರ್ಪಟ್ಟಿತು. ಎರಡು ವರ್ಷಗಳ ಬಳಿಕ ಟಾಟಾ ತನ್ನ ಪಾಲನ್ನೂ ಆ ಕಂಪನಿಗೇ ಮಾರಿತು. ಬ್ರ್ಯಾಂಡ್ ಹೋದರೂ ಕಂಪನಿ ಉಳಿಯಿತು, ಷೇರುದಾರರು ಉಳಿದರು, ಮಾರಾಟದಿಂದ ಬಂದ ಹಣ ಕೈಯಲ್ಲಿತ್ತು. ಹಳೆಯ ಕಂಪನಿ ಟ್ರೆಂಟ್ ಎಂಬ ಹೊಸ ಹೆಸರು ಪಡೆದು ಚಿಲ್ಲರೆ ವ್ಯಾಪಾರಕ್ಕೆ ಇಳಿಯಿತು.

ಅದಕ್ಕೆ ಮೊದಲ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಲಿವರ್‌ಪೂಲ್ ಮೂಲದ ಬ್ರಿಟಿಷ್ ಚಿಲ್ಲರೆ ವ್ಯಾಪಾರ ಸಂಸ್ಥೆ ಲಿಟಲ್‌ವುಡ್ಸ್, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಮಳಿಗೆ ತೆರೆದಿತ್ತು. 1998ರಲ್ಲಿ ಟ್ರೆಂಟ್ ಅದನ್ನು ಕೊಂಡು, ವೆಸ್ಟ್‌ಸೈಡ್ ಎಂದು ಹೆಸರು ಬದಲಿಸಿತು. ಮರುವರ್ಷ ಸಿಮೋನ್ ಅವರ ಪುತ್ರ ನೋಯಲ್ ಟಾಟಾ ವ್ಯವಸ್ಥಾಪಕ ನಿರ್ದೇಶಕರಾದರು. 2014ರಿಂದ ಅವರೇ ಸಂಸ್ಥೆಯ ಅಧ್ಯಕ್ಷರು. ಬೆಂಗಳೂರು ಕಂಟೋನ್ಮೆಂಟಿನ ಹಳೆಯ ಬಟ್ಟೆ ಬೀದಿಯಲ್ಲಿ, ದರ್ಜಿಗಳು, ಸೀರೆ ಅಂಗಡಿಗಳು, ಚೌಕಾಸಿ ವ್ಯಾಪಾರಗಳ ನಡುವೆ, ನಿಗದಿತ ಬೆಲೆಯ ಚೀಟಿ ಅಂಟಿಸಿಕೊಂಡ ಸಿದ್ಧ ಉಡುಪಿನ ಈ ಅಂಗಡಿಯಿಂದ ಇಡೀ ಸರಣಿ ಆರಂಭವಾಯಿತೆಂಬುದು ನಗರದ ವಾಣಿಜ್ಯ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ.

ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ಒಂದೇ ಸೂರಿನಡಿ ಹೆಂಗಸರ ಉಡುಪು, ಗಂಡಸರ ಉಡುಪು, ಮಕ್ಕಳ ಬಟ್ಟೆ, ಪಾದರಕ್ಷೆ, ಪ್ರಸಾಧನ, ಗೃಹಾಲಂಕಾರಗಳನ್ನು ಪ್ರತ್ಯೇಕ ವಿಭಾಗಗಳಾಗಿ ಜೋಡಿಸಿ, ಪ್ರತಿ ವಿಭಾಗದ ಖರೀದಿ, ದಾಸ್ತಾನು, ಲಾಭಗಳ ಲೆಕ್ಕವನ್ನು ಬೇರೆಬೇರೆಯಾಗಿ ಇಡುವ ಅಂಗಡಿ. ಆ ದಶಕದಲ್ಲಿ ಈ ಮಾದರಿ ಭಾರತದಲ್ಲಿ ಬೇರೂರತೊಡಗಿತ್ತು: 1991ರಲ್ಲಿ ಮುಂಬಯಿಯ ಅಂಧೇರಿಯಲ್ಲಿ ಶಾಪರ್ಸ್ ಸ್ಟಾಪ್, 1997ರಲ್ಲಿ ಕೋಲ್ಕತ್ತದ ಗರಿಯಾಹಾಟ್‌ನಲ್ಲಿ ಪ್ಯಾಂಟಲೂನ್ಸ್, 1999ರಲ್ಲಿ ಚೆನ್ನೈನಲ್ಲಿ ಲೈಫ್‌ಸ್ಟೈಲ್ ತೆರೆದವು. ಇಂಥ ಮಳಿಗೆಗಳ ಆಕರ್ಷಣೆ ಮುಖ್ಯವಾಗಿ ಹೆಸರಾಂತ ಬ್ರ್ಯಾಂಡುಗಳದು. ಗಿರಾಕಿಗೆ ಪರಿಚಿತವಾದ ಹೆಸರನ್ನು ಕಪಾಟಿನಲ್ಲಿಟ್ಟರೆ ಆ ಹೆಸರೇ ಜನರನ್ನು ಒಳಗೆ ಕರೆತರುತ್ತಿತ್ತು.

ವೆಸ್ಟ್‌ಸೈಡ್ ಹಿಡಿದ ದಾರಿ ಬೇರೆ. ಅದು ಹೆಚ್ಚಾಗಿ ತನ್ನದೇ ಹೆಸರಿನ ಬಟ್ಟೆಗಳನ್ನು ಮಾರಲು ನಿಶ್ಚಯಿಸಿತು. ಅಂಗಡಿಯವನೇ ವಿನ್ಯಾಸ ಮಾಡಿಸಿ, ಹೊರಗಿನ ಕಾರ್ಖಾನೆಗಳಲ್ಲಿ ಹೊಲಿಸಿ, ತನ್ನ ಮಳಿಗೆಗಳಲ್ಲಿ ಮಾತ್ರ ಮಾರುವ ಇಂಥ ಸರಕನ್ನು ವ್ಯಾಪಾರದಲ್ಲಿ ಪ್ರೈವೇಟ್ ಲೇಬಲ್ ಎನ್ನುತ್ತಾರೆ. ಯುವಜನರ ಉಡುಪಿಗೆ ನುಆನ್, ಭಾರತೀಯ ಶೈಲಿಯ ಕುರ್ತಾಗಳಿಗೆ ಉತ್ಸ, ಕಚೇರಿಯ ಉಡುಗೆಗೆ ವಾರ್ಡ್‌ರೋಬ್, ಗಂಡಸರ ದಿರಿಸಿಗೆ ಆಸ್ಕಟ್ ಎಂಬಂಥ ಹೆಸರುಗಳು ಹೀಗೆ ಹುಟ್ಟಿದವು. ಹೊರಗಿನ ಬ್ರ್ಯಾಂಡುಗಳನ್ನು ಕ್ರಮೇಣ ಕಡಿಮೆ ಮಾಡುತ್ತಾ ಬಂದ ವೆಸ್ಟ್‌ಸೈಡ್‌ನ ವ್ಯಾಪಾರ ಇಂದು ಬಹುತೇಕ ಸಂಪೂರ್ಣವಾಗಿ ಸ್ವಂತ ಲೇಬಲ್‌ಗಳದೇ ಆಗಿದೆ. ಟ್ರೆಂಟ್‌ನ ಬೆಳವಣಿಗೆಗೆ ಟಾಟಾ ಹೆಸರಿನ ಬಲ, ಬಂಡವಾಳದ ಬಲಗಳನ್ನು ಕಾರಣವಾಗಿ ಹೇಳುವುದುಂಟು. ಅವು ಸುಳ್ಳಲ್ಲವಾದರೂ ನಿರ್ಣಾಯಕವಾದದ್ದು ಈ ಒಂದು ಆಯ್ಕೆ ಎಂದೇ ತೋರುತ್ತದೆ.

ಆ ಆಯ್ಕೆಯ ಲಾಭ ಮತ್ತು ಅಪಾಯ ಎರಡನ್ನೂ ಅರಿಯಲು ಬಟ್ಟೆ ವ್ಯಾಪಾರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇನ್ನೊಬ್ಬರ ಬ್ರ್ಯಾಂಡನ್ನು ಮಾರುವ ಮಳಿಗೆ ಎಷ್ಟೋ ಸಲ ಕನ್ಸೈನ್‌ಮೆಂಟ್ ಪದ್ಧತಿಯನ್ನು ಅನುಸರಿಸುತ್ತದೆ: ಸರಕು ಅಂಗಡಿಯಲ್ಲಿ ತೂಗುತ್ತಿದ್ದರೂ ಬ್ರ್ಯಾಂಡ್ ಕಂಪನಿಯದೇ ಸ್ವತ್ತು, ಮಾರಾಟವಾದದ್ದರಲ್ಲಿ ಮಳಿಗೆಗೆ ಒಂದು ಪಾಲು, ಉಳಿದದ್ದು ವಾಪಸು. ಅಲ್ಲಿ ಮಳಿಗೆಯ ಅಪಾಯ ಕಡಿಮೆ. ಆದರೆ ಬೆಲೆ, ವಿನ್ಯಾಸ, ರಿಯಾಯಿತಿಗಳ ಮೇಲೆ ಅದರ ಹಿಡಿತವೂ ಕಡಿಮೆ, ಬ್ರ್ಯಾಂಡ್ ಕಂಪನಿಯ ಜಾಹೀರಾತು ಖರ್ಚು ಮತ್ತು ಲಾಭಗಳೆರಡೂ ಗಿರಾಕಿ ತೆರುವ ಬೆಲೆಯೊಳಗೇ ಸೇರಿರುತ್ತವೆ. ಸ್ವಂತ ಲೇಬಲ್‌ನಲ್ಲಿ ಈ ನಡುವಿನ ಪದರ ಇಲ್ಲವಾಗುವುದರಿಂದ ಗಿರಾಕಿಗೆ ಬೆಲೆ ಇಳಿಸಿಯೂ ಮಳಿಗೆಗೆ ಹೆಚ್ಚು ಅಂತರ ಉಳಿಸಿಕೊಳ್ಳಬಹುದು. ಆದರೆ ಮಾರಾಟವಾಗದ ಪ್ರತಿಯೊಂದು ಅಂಗಿಯೂ ಮಳಿಗೆಯ ತಲೆಯ ಮೇಲೆಯೇ. ಬಣ್ಣದ ಆಯ್ಕೆಯಲ್ಲಿ ಅಂದಾಜು ತಪ್ಪಿದರೆ, ಋತು ಮುಗಿಯುವ ಹೊತ್ತಿಗೆ ಬೆಲೆ ಕಡಿತಗೊಳಿಸಿ ಮಾರದೆ ಗತ್ಯಂತರವಿಲ್ಲ. ಆ ಕಡಿತ ಇಡೀ ವರ್ಷದ ಲಾಭವನ್ನು ನುಂಗಬಲ್ಲದು.

ಹತ್ತಿಯ ಕುರ್ತಾ ಒಂದನ್ನೇ ತೆಗೆದುಕೊಳ್ಳಬಹುದು. ವಿನ್ಯಾಸ ಒಪ್ಪಿಗೆಯಾದ ಮೇಲೆ ಬಟ್ಟೆ ಕಾದಿರಿಸಿ, ಎಷ್ಟು ನಗ, ಯಾವ ಯಾವ ಅಳತೆ ಎಂಬುದನ್ನು ತೀರ್ಮಾನಿಸಬೇಕು. ಸ್ಮಾಲ್, ಮೀಡಿಯಂ, ಲಾರ್ಜ್, ಎಕ್ಸೆಲ್‌ಗಳನ್ನು ಸಮಸಮವಾಗಿ ಹೊಲಿಸಿದರೆ ನಡುವಿನ ಅಳತೆಗಳು ಬೇಗ ಖಾಲಿಯಾಗಿ ಎರಡು ತುದಿಗಳ ಅಳತೆಗಳು ಕೊಳೆಯುತ್ತವೆ. ಒಂದು ಊರಿನಲ್ಲಿ ಸರಿಹೋದ ಅನುಪಾತ ಇನ್ನೊಂದು ಊರಿಗೆ ಹೊಂದದೇ ಇರಬಹುದು. ಆದ್ದರಿಂದ ಹಿಂದಿನ ಮಾರಾಟದ ದಾಖಲೆಗಳನ್ನು ನೋಡಿ ಮಳಿಗೆವಾರು ಅನುಪಾತ ಹಾಕುತ್ತಾರೆ. ಹೊಲಿದು ಬಂದ ಕುರ್ತಾ ಗೋದಾಮಿನಲ್ಲಿ ತಪಾಸಣೆಗೊಂಡು, ಬಾರ್‌ಕೋಡ್ ಚೀಟಿ ಹೊತ್ತು, ಲಾರಿಯಲ್ಲಿ ಮಳಿಗೆ ಸೇರುತ್ತದೆ. ಅಲ್ಲಿ ಎಲ್ಲಿ ತೂಗುಹಾಕಬೇಕು, ಯಾವ ದುಪಟ್ಟಾ ಪಕ್ಕದಲ್ಲಿರಬೇಕು, ಬೊಂಬೆಗೆ ಯಾವುದನ್ನು ತೊಡಿಸಬೇಕು ಎಂಬುದಕ್ಕೂ ಮುಖ್ಯ ಕಚೇರಿಯಿಂದ ನಕ್ಷೆ ಬಂದಿರುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಚೀಟಿ ಸ್ಕ್ಯಾನ್ ಆದೊಡನೆ ಆ ಅಳತೆಯ ಒಂದು ನಗ ಕಡಿಮೆಯಾದದ್ದು ಗಣಕದಲ್ಲಿ ದಾಖಲಾಗುತ್ತದೆ. ಚೆನ್ನಾಗಿ ಓಡುತ್ತಿರುವ ಮಾದರಿಯನ್ನು ಮತ್ತೆ ಹೊಲಿಸುವುದೋ, ಕುಂಟುತ್ತಿರುವುದನ್ನು ಬೇರೆ ಊರಿಗೆ ಕಳಿಸುವುದೋ ಎಂಬ ನಿರ್ಧಾರಕ್ಕೆ ಅದೇ ಆಧಾರ. ಬ್ರ್ಯಾಂಡೂ ಅಂಗಡಿಯೂ ಒಬ್ಬರದೇ ಆಗಿರುವಲ್ಲಿ ಈ ಮಾಹಿತಿ ಯಾರ ಅನುಮತಿಗೂ ಕಾಯದೆ ವಿನ್ಯಾಸಕಾರರ ಮೇಜು ತಲುಪುತ್ತದೆ.

ಈ ವ್ಯವಸ್ಥೆ ಪಳಗಲು ದೀರ್ಘ ಕಾಲ ಹಿಡಿಯಿತು. ನಡುವೆ ಟ್ರೆಂಟ್ ಬೇರೆ ದಿಕ್ಕುಗಳಲ್ಲೂ ಕೈಚಾಚಿತು: 2004ರಲ್ಲಿ ಅಹಮದಾಬಾದಿನಲ್ಲಿ ಸ್ಟಾರ್ ಬಜಾರ್ ದಿನಸಿ ಮಳಿಗೆ ತೆರೆಯಿತು, ಮರುವರ್ಷ ಚೆನ್ನೈನ ಲ್ಯಾಂಡ್‌ಮಾರ್ಕ್ ಪುಸ್ತಕ ಮಳಿಗೆಗಳ ಬಹುಪಾಲು ಒಡೆತನ ಪಡೆಯಿತು, ಸ್ಪೇನಿನ ಇಂಡಿಟೆಕ್ಸ್ ಜತೆಗಿನ ಜಂಟಿ ಸಂಸ್ಥೆಯ ಮೂಲಕ 2010ರಲ್ಲಿ ಜಾರಾ ಮಳಿಗೆ ದೆಹಲಿಗೆ ಬಂತು. ಆ ಸಂಸ್ಥೆಯಲ್ಲಿ ಹೆಚ್ಚಿನ ಪಾಲು ಇಂಡಿಟೆಕ್ಸ್‌ನದೇ ಆಗಿತ್ತು. 2020ರ ಮಾರ್ಚ್ ಹೊತ್ತಿಗೆ, ಅಂದರೆ ಆರಂಭವಾಗಿ ಇಪ್ಪತ್ತೆರಡು ವರ್ಷಗಳಾದರೂ, ವೆಸ್ಟ್‌ಸೈಡ್ ಮಳಿಗೆಗಳ ಸಂಖ್ಯೆ 165. ಷೇರು ಮಾರುಕಟ್ಟೆಯ ಅವಸರಕ್ಕೆ ಇದು ಮಂದಗತಿ. ಆದರೆ ಒಂದೊಂದು ಮಳಿಗೆಯೂ ಲಾಭ ತರುವಂತೆ ನೋಡಿಕೊಂಡು ಮುಂದಿನದಕ್ಕೆ ಹೆಜ್ಜೆಯಿಟ್ಟ ಈ ಸಂಯಮಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಸಾಲ ಮಾಡಿ ಊರೂರಲ್ಲಿ ಮಳಿಗೆ ತೆರೆದು ಕುಸಿದ ಸರಣಿಗಳನ್ನು ಇದೇ ಅವಧಿ ಕಂಡಿದೆ.

ಸಂಖ್ಯೆಯ ಜಿಗಿತ ಬಂದದ್ದು ಜೂಡಿಯೋದಿಂದ. 2016ರಲ್ಲಿ ಪ್ರತ್ಯೇಕ ಮಳಿಗೆಯಾಗಿ ಆರಂಭವಾದ ಇದರಲ್ಲಿ ಎಲ್ಲವೂ ಸ್ವಂತ ಹೆಸರಿನ ಸರಕು, ಬಹುತೇಕ ಎಲ್ಲದರ ಬೆಲೆ 999 ರೂಪಾಯಿಯೊಳಗೆ. ವೆಸ್ಟ್‌ಸೈಡ್‌ನಲ್ಲಿ ಎರಡು ದಶಕ ಪಳಗಿದ ವಿನ್ಯಾಸ, ಖರೀದಿ, ಸಾಗಣೆಗಳ ಯಂತ್ರವನ್ನೇ ಅಗ್ಗದ ಬೆಲೆಗೆ ಒಗ್ಗಿಸಿದ್ದು ಇಲ್ಲಿಯ ಜಾಣ್ಮೆ. 2020ರ ಮಾರ್ಚ್‌ನಲ್ಲಿ 80 ಇದ್ದ ಜೂಡಿಯೋ ಮಳಿಗೆಗಳು ಎರಡೇ ವರ್ಷಗಳಲ್ಲಿ ವೆಸ್ಟ್‌ಸೈಡ್ ಸಂಖ್ಯೆಯನ್ನು ದಾಟಿ, 2025ರ ಮಾರ್ಚ್ ವೇಳೆಗೆ 765 ಆದವು. ಆಗ ವೆಸ್ಟ್‌ಸೈಡ್ 248. ಆ ಆರ್ಥಿಕ ವರ್ಷದಲ್ಲಿ ಕಂಪನಿಯ ಆದಾಯ ಸುಮಾರು 17 ಸಾವಿರ ಕೋಟಿ ರೂಪಾಯಿ. 2024ರ ಸೆಪ್ಟೆಂಬರಿನಲ್ಲಿ ಟ್ರೆಂಟ್ ಷೇರು ನಿಫ್ಟಿ 50 ಸೂಚ್ಯಂಕವನ್ನು ಸೇರಿತ್ತು. ಈ ಏರಿಕೆಯನ್ನು ಕಂಡ ಸಿಮೋನ್ ಟಾಟಾ 2025ರ ಡಿಸೆಂಬರಿನಲ್ಲಿ ನಿಧನರಾದರು.

ಅಗ್ಗದ ಬೆಲೆ ಎಂದರೆ ಬರಿಯ ರಿಯಾಯಿತಿಯಲ್ಲ, ಎಲ್ಲೆಲ್ಲಿ ಖರ್ಚು ಮಾಡುವುದಿಲ್ಲ ಎಂಬ ಪಟ್ಟಿಯೂ ಹೌದು. ಜೂಡಿಯೋ ಟಿ.ವಿ., ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಡುವುದಿಲ್ಲ. ಅಂತರ್ಜಾಲದಲ್ಲಿ ಬಟ್ಟೆ ಮಾರುವುದಿಲ್ಲ. ಕೆಲವು ನೂರು ರೂಪಾಯಿಯ ಟೀ ಶರ್ಟನ್ನು ಮನೆಗೆ ತಲುಪಿಸಿ, ಅಳತೆ ಸರಿಯಿಲ್ಲವೆಂದು ಮರಳಿ ತರುವ ಖರ್ಚನ್ನು ಆ ಬೆಲೆ ಹೊರಲಾರದು. ತೆರಿಗೆಯ ಏರ್ಪಾಡೂ ಒಂದಿಷ್ಟು ಒದಗಿಬಂದಿರಬೇಕು: 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸಾವಿರ ರೂಪಾಯಿವರೆಗಿನ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 12 ತೆರಿಗೆ ನಿಗದಿಯಾಯಿತು; 2025ರ ಸೆಪ್ಟೆಂಬರಿನಲ್ಲಿ ಶೇ 5ರ ಮಿತಿ 2,500 ರೂಪಾಯಿಗೆ ಏರಿದೆ. ಆದರೆ ಪಟ್ಟಿಯಲ್ಲಿ ಕಾಣದ ಇನ್ನೊಂದು ಬೆಲೆಯೂ ಇದೆ. ದೇಶದ ಸಿದ್ಧ ಉಡುಪು ಉದ್ಯಮ ನಿಂತಿರುವುದು ಬಹುಮಟ್ಟಿಗೆ ಕಡಿಮೆ ಕೂಲಿಯ ಹೊಲಿಗೆ ದುಡಿಮೆಯ ಮೇಲೆ. ಪೀಣ್ಯ, ಬೊಮ್ಮಸಂದ್ರಗಳ ಗಾರ್ಮೆಂಟ್ಸ್‌ಗಳಿಗೆ ಬೆಳಗ್ಗೆ ಬಸ್ಸುಗಳಲ್ಲಿ ಹೋಗುವ ಹೆಣ್ಣುಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಉಡುಪಿನ ಬೆಲೆ ಇಳಿದಷ್ಟೂ ಅದನ್ನು ಹೊಲಿಯುವ ಕೈಗೆ ಸಲ್ಲುವ ಪಾಲಿನ ಪ್ರಶ್ನೆ ತೀವ್ರವಾಗುತ್ತದೆ, ಮತ್ತು ಈ ಪ್ರಶ್ನೆಯನ್ನು ಯಾವುದೇ ಒಂದು ಸರಣಿಯಷ್ಟೇ ಅಲ್ಲ, ಇಡೀ ವ್ಯಾಪಾರ ಎದುರಿಸಬೇಕಾಗಿದೆ.

ಏಕೆಂದರೆ ಈ ದಾರಿಯಲ್ಲಿ ಈಗ ಟ್ರೆಂಟ್ ಒಂದೇ ಇಲ್ಲ. 2023ರಲ್ಲಿ ರಿಲಯನ್ಸ್ ರಿಟೇಲ್ ಯುವಜನರಿಗಾಗಿ ಯೂಸ್ಟಾ ಎಂಬ ಅಗ್ಗದ ಉಡುಪಿನ ಮಳಿಗೆಗಳನ್ನು ಆರಂಭಿಸಿತು. ಅದೇ ವರ್ಷ, ಮೂರು ದಶಕಗಳಿಂದ ಹೊರಗಿನ ಬ್ರ್ಯಾಂಡುಗಳ ಆಕರ್ಷಣೆಯ ಮೇಲೆಯೇ ವ್ಯಾಪಾರ ಕಟ್ಟಿಕೊಂಡಿದ್ದ ಶಾಪರ್ಸ್ ಸ್ಟಾಪ್ ಕೂಡ ಇನ್‌ಟ್ಯೂನ್ ಎಂಬ ಹೊಸ ಸರಣಿಗೆ ಕೈಹಾಕಿತು. ಅಲ್ಲಿ ತೂಗುವ ಬಟ್ಟೆಗಳೆಲ್ಲ ಅದರದೇ ಹೆಸರಿನವು.